60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್

60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಭಾರತೀಯ ಭೂಸೇನೆಯ ಒಂದು ವೈದ್ಯಕೀಯ ಘಟಕ. ಕೊರಿಯಾ ಯುದ್ಧದಲ್ಲಿ (1950–1953) ವಿಶ್ವಸಂಸ್ಥೆಯ ಪಡೆಗಳೊಂದಿಗೆ ಸೇವೆ ಸಲ್ಲಿಸಿದ ಈ ಘಟಕವು ಗಾಯಗೊಂಡ ಸೈನಿಕರಿಗಷ್ಟೇ ಅಲ್ಲದೆ, ಯುದ್ಧದ ನಡುವೆ ಸಿಲುಕಿದ ಕೊರಿಯಾದ ನಾಗರಿಕರಿಗೂ ಮಕ್ಕಳಿಗೂ ಚಿಕಿತ್ಸೆ ನೀಡಿತು. ಹೆಸರಿನಲ್ಲಿರುವ 'ಫೀಲ್ಡ್ ಆಂಬುಲೆನ್ಸ್' ಎಂಬುದು ರೋಗಿಗಳನ್ನು ಸಾಗಿಸುವ ವಾಹನವನ್ನು ಸೂಚಿಸುವುದಿಲ್ಲ. ರಣರಂಗದ ಸಮೀಪದಲ್ಲಿದ್ದು ಗಾಯಾಳುಗಳನ್ನು ಹೊತ್ತು ತರುವ, ತುರ್ತು ಚಿಕಿತ್ಸೆ ನೀಡುವ ಮತ್ತು ಹಿಂದಿನ ಆಸ್ಪತ್ರೆಗಳಿಗೆ ಕಳುಹಿಸುವ ಸಂಚಾರಿ ಸೇನಾ ವೈದ್ಯಕೀಯ ಘಟಕಕ್ಕೆ ಈ ಹೆಸರಿದೆ.

ಹಿನ್ನೆಲೆ

1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆಯು 38ನೇ ಅಕ್ಷಾಂಶ ರೇಖೆಯನ್ನು ದಾಟಿ ದಕ್ಷಿಣ ಕೊರಿಯಾದ ಮೇಲೆ ದಾಳಿ ಮಾಡಿತು. ಈ ದಾಳಿಯನ್ನು ಖಂಡಿಸಿದ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯವನ್ನು ಭಾರತ ಬೆಂಬಲಿಸಿತು. ಆದರೆ ಪ್ರಧಾನಿ ಜವಾಹರಲಾಲ್ ನೆಹರೂ ಅವರ ಸರ್ಕಾರವು ಶೀತಲ ಸಮರದ ಯಾವ ಬಣಕ್ಕೂ ಸೇರದ ನೀತಿಯನ್ನು ಅನುಸರಿಸುತ್ತಿದ್ದ ಕಾರಣ, ಯುದ್ಧಕ್ಕೆ ಸೈನಿಕರನ್ನು ಕಳುಹಿಸಲು ಒಪ್ಪದೆ, ವೈದ್ಯಕೀಯ ಘಟಕವೊಂದನ್ನು ಕಳುಹಿಸಲು ತೀರ್ಮಾನಿಸಿತು. ಸ್ವೀಡನ್, ಡೆನ್ಮಾರ್ಕ್, ನಾರ್ವೆ ಮತ್ತು ಇಟಲಿ ದೇಶಗಳೂ ಇದೇ ರೀತಿ ವೈದ್ಯಕೀಯ ನೆರವನ್ನಷ್ಟೇ ನೀಡಿದವು. ಡೆನ್ಮಾರ್ಕ್ ಕಳುಹಿಸಿದ್ದು 'ಯುಟ್ಲಾಂಡಿಯಾ' ಎಂಬ ಆಸ್ಪತ್ರೆ ಹಡಗನ್ನು.

ಈ ಘಟಕವು 1942ರಲ್ಲಿ ಸ್ಥಾಪನೆಗೊಂಡು, ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗದಲ್ಲಿ ಸೇವೆ ಸಲ್ಲಿಸಿತ್ತು. ಕೊರಿಯಾಕ್ಕೆ ತೆರಳಿದಾಗ ಇದರ ಮುಖ್ಯಸ್ಥರಾಗಿದ್ದವರು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್. 1941ರಲ್ಲಿ ಪ್ಯಾರಾಚೂಟ್ ಮೂಲಕ ವಿಮಾನದಿಂದ ಧುಮುಕಿದ ಮೊದಲ ಇಬ್ಬರು ಭಾರತೀಯ ಸೈನಿಕರಲ್ಲಿ ಅವರೂ ಒಬ್ಬರು. ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ಶುಶ್ರೂಷಕರು, ಸ್ಟ್ರೆಚರ್ ಹೊರುವವರು ಸೇರಿ 300ಕ್ಕೂ ಹೆಚ್ಚು ಮಂದಿಯಿದ್ದ ಈ ತಂಡ 1950ರ ನವೆಂಬರ್‌ನಲ್ಲಿ ಪುಸಾನ್ (ಇಂದಿನ ಬುಸಾನ್) ಬಂದರನ್ನು ತಲುಪಿತು.

ಪ್ಯೊಂಗ್ಯಾಂಗ್‌ನಿಂದ ಹಿಮ್ಮೆಟ್ಟುವಿಕೆ

ಘಟಕವು ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗ್ ತಲುಪಿದ ಸ್ವಲ್ಪ ದಿನಗಳಲ್ಲೇ ಚೀನಾದ ಪಡೆಗಳ ಪ್ರತಿದಾಳಿಯಿಂದಾಗಿ ವಿಶ್ವಸಂಸ್ಥೆಯ ಪಡೆಗಳು ದಕ್ಷಿಣಕ್ಕೆ ಹಿಮ್ಮೆಟ್ಟತೊಡಗಿದವು. ಭಾರತೀಯ ಘಟಕದ ಬಳಿ ಸಾಕಷ್ಟು ವಾಹನಗಳಿರಲಿಲ್ಲ. ಆಸ್ಪತ್ರೆಯ ಸಲಕರಣೆಗಳನ್ನು ಅಲ್ಲೇ ಬಿಟ್ಟು ಹೊರಡುವಂತೆ ಸೂಚನೆ ಬಂದಾಗ ರಂಗರಾಜ್ ಅದಕ್ಕೆ ಒಪ್ಪಲಿಲ್ಲ. ನಿಲ್ದಾಣದಲ್ಲಿ ಉಳಿದಿದ್ದ ಹಳೆಯ ಉಗಿಬಂಡಿಯೊಂದನ್ನೂ ಕೆಲವು ಬೋಗಿಗಳನ್ನೂ ಸಿಬ್ಬಂದಿ ಹುಡುಕಿದರು. ಸಾಲಾಗಿ ನಿಂತು ಬಕೆಟ್‌ಗಳಲ್ಲಿ ನೀರು ತುಂಬಿಸಿ, ಕಟ್ಟಿಗೆ ಹೊಂದಿಸಿಕೊಂಡು, ಎಂಜಿನ್ ನಡೆಸಬಲ್ಲ ತಮ್ಮವರಿಂದಲೇ ಅದನ್ನು ಚಾಲನೆ ಮಾಡಿಸಿದರು. ಸೇತುವೆಗಳನ್ನು ಸ್ಫೋಟಿಸುವ ಮುನ್ನವೇ ರೈಲು ದಕ್ಷಿಣಕ್ಕೆ ದಾಟಿತು. ಹೀಗೆ ಉಳಿದ ಸಲಕರಣೆಗಳಿಂದಲೇ ಘಟಕವು ಮುಂದಿನ ತಿಂಗಳುಗಳಲ್ಲಿ ಸೈನಿಕರಿಗೂ ನಾಗರಿಕರಿಗೂ ಚಿಕಿತ್ಸೆ ನೀಡಲು ಸಾಧ್ಯವಾಯಿತು.

ಎರಡು ತಂಡಗಳು

ಹಿಮ್ಮೆಟ್ಟುವಿಕೆಯ ಬಳಿಕ ಘಟಕವು ಎರಡು ಭಾಗವಾಗಿ ಕಾರ್ಯ ನಿರ್ವಹಿಸಿತು. ರಂಗರಾಜ್ ನೇತೃತ್ವದ ಮುಂಚೂಣಿ ತಂಡವು 27ನೇ ಕಾಮನ್‌ವೆಲ್ತ್ ಬ್ರಿಗೇಡಿನೊಂದಿಗೆ ರಣರಂಗದಲ್ಲಿತ್ತು. ಮೇಜರ್ ಎನ್. ಬಿ. ಬ್ಯಾನರ್ಜಿ ನೇತೃತ್ವದ ಮತ್ತೊಂದು ತಂಡವು ಡೇಗು ನಗರದಲ್ಲಿ ನೆಲೆಸಿತು.

1951ರ ಮಾರ್ಚ್ 23ರಂದು ಅಮೆರಿಕದ 187ನೇ ವಾಯುಗಾಮಿ ರೆಜಿಮೆಂಟಲ್ ತಂಡವು ಮುನ್ಸಾನ್ ಎಂಬಲ್ಲಿ ಪ್ಯಾರಾಚೂಟ್ ಮೂಲಕ ಇಳಿದ 'ಆಪರೇಷನ್ ಟೊಮಾಹಾಕ್' ಕಾರ್ಯಾಚರಣೆಯಲ್ಲಿ ಭಾರತೀಯ ಘಟಕದ 12 ಮಂದಿ ಭಾಗವಹಿಸಿ, ಇಳಿದ ಸ್ಥಳದಲ್ಲೇ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ನಡೆದ ಕಪ್ಯೊಂಗ್ ಕದನದ ಕಾಲದಲ್ಲಿಯೂ ಮುಂಚೂಣಿ ತಂಡವು ಬ್ರಿಗೇಡಿನೊಂದಿಗಿತ್ತು. 1951ರ ಜುಲೈನಲ್ಲಿ 1ನೇ ಕಾಮನ್‌ವೆಲ್ತ್ ಡಿವಿಷನ್ ರಚನೆಯಾದಾಗ ಘಟಕವು ಅದರ ವೈದ್ಯಕೀಯ ವ್ಯವಸ್ಥೆಯ ಭಾಗವಾಯಿತು. ಪ್ಯಾರಾಚೂಟ್ ಪಡೆಯವರು ಧರಿಸುವ ಕಡುಗೆಂಪು ಟೋಪಿಯ ಕಾರಣದಿಂದ ಇವರಿಗೆ 'ಮರೂನ್ ಏಂಜಲ್ಸ್' ಎಂಬ ಹೆಸರು ಬಂದಿತು.

ನಾಗರಿಕರ ಮತ್ತು ಮಕ್ಕಳ ಚಿಕಿತ್ಸೆ

ಯುದ್ಧದ ಆರಂಭದಲ್ಲಿ ಉತ್ತರದ ಸೇನೆ ದಕ್ಷಿಣ ಕೊರಿಯಾದ ಬಹುಭಾಗವನ್ನು ಆಕ್ರಮಿಸಿದರೂ ಡೇಗು ಅದರ ವಶವಾಗಲಿಲ್ಲ. 1951ರ ಜನವರಿಯಲ್ಲಿ ಸೋಲ್ ನಗರವು ಎರಡನೆಯ ಬಾರಿಗೆ ಕೈತಪ್ಪಿದಾಗ ಲಕ್ಷಾಂತರ ಜನರು ಕಡು ಚಳಿಯಲ್ಲಿ ಕಾಲ್ನಡಿಗೆಯಲ್ಲೇ ದಕ್ಷಿಣಕ್ಕೆ ಹೊರಟರು. ಡೇಗು ಮತ್ತು ಪುಸಾನ್ ನಗರಗಳು ನಿರಾಶ್ರಿತರಿಂದ ತುಂಬಿದವು. ಗುಂಡು, ಫಿರಂಗಿ ಚೂರು ಹಾಗೂ ಬೆಂಕಿಯಿಂದಾದ ಗಾಯಗಳ ಜೊತೆಗೆ ಹಿಮದಿಂದ ಕೈಕಾಲು ಮರಗಟ್ಟುವುದು, ಅಪೌಷ್ಟಿಕತೆ, ಸಿಡುಬು ಮತ್ತು ಹೇನುಗಳಿಂದ ಹರಡುವ ಟೈಫಸ್ ಜ್ವರ ಜನರನ್ನು ಕಾಡಿದವು.

ಡೇಗುವಿನ ಭಾರತೀಯ ತಂಡವು ಅಲ್ಲಿನ ಕೊರಿಯಾ ಸೇನಾ ಆಸ್ಪತ್ರೆಗೆ ನೆರವಾದುದಲ್ಲದೆ, ನಾಗರಿಕರಿಗೆ ಹೊರರೋಗಿ ಸೇವೆ ಹಾಗೂ ಶಸ್ತ್ರಚಿಕಿತ್ಸೆಗಳನ್ನು ಒದಗಿಸಿತು; ಸ್ಥಳೀಯ ವೈದ್ಯಕೀಯ ಸಿಬ್ಬಂದಿಗೆ ತರಬೇತಿಯನ್ನೂ ನೀಡಿತು. ಘಟಕವು ಕೊರಿಯಾದಲ್ಲಿದ್ದ ಅವಧಿಯಲ್ಲಿ ಒಟ್ಟು 2 ಲಕ್ಷಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ನೀಡಿತೆಂದು ಹೇಳಲಾಗುತ್ತದೆ.

ಸೇನಾ ವೈದ್ಯಕೀಯ ಘಟಕವೊಂದಕ್ಕೆ ಇಂತಹ ಕೆಲಸ ಸುಲಭವಲ್ಲ. ಅದರ ಔಷಧ, ಸಲಕರಣೆ ಮತ್ತು ಹಾಸಿಗೆಗಳ ಲೆಕ್ಕಾಚಾರವು ವಯಸ್ಕ, ಆರೋಗ್ಯವಂತ ಸೈನಿಕನನ್ನು ಗಮನದಲ್ಲಿಟ್ಟು ಮಾಡಿದ್ದಾಗಿರುತ್ತದೆ. ಮಕ್ಕಳ ದೇಹದಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 75ರಿಂದ 80 ಮಿಲಿಲೀಟರ್ ರಕ್ತವಿರುತ್ತದೆ. ಆದ್ದರಿಂದ 10 ಕಿಲೋಗ್ರಾಂ ತೂಕದ ಮಗುವು 200 ಮಿಲಿಲೀಟರ್ ರಕ್ತ ಕಳೆದುಕೊಂಡರೆ, ಅದು ದೇಹದ ಒಟ್ಟು ರಕ್ತದ ಕಾಲು ಭಾಗವಾಗುತ್ತದೆ. ವಯಸ್ಕನಿಗೆ ಅಷ್ಟು ರಕ್ತಸ್ರಾವ ದೊಡ್ಡ ಅಪಾಯವಲ್ಲ. ಅರಿವಳಿಕೆ ಮತ್ತು ಔಷಧದ ಪ್ರಮಾಣವನ್ನು ಮಗುವಿನ ತೂಕಕ್ಕೆ ತಕ್ಕಂತೆ ನಿರ್ಧರಿಸಬೇಕಾಗುತ್ತದೆ. ದೇಹದ ಶಾಖವೂ ಮಕ್ಕಳಲ್ಲಿ ಬೇಗ ಇಳಿಯುವುದರಿಂದ ಚಳಿಗಾಲದ ಡೇರೆ ಆಸ್ಪತ್ರೆಗಳಲ್ಲಿ ಅವರನ್ನು ಬೆಚ್ಚಗಿರಿಸುವುದೂ ಚಿಕಿತ್ಸೆಯ ಭಾಗವಾಗುತ್ತದೆ. ಸೈನಿಕನು ಗುಣಮುಖನಾದ ಮೇಲೆ ತನ್ನ ದಳಕ್ಕೆ ಮರಳುತ್ತಾನೆ. ತಂದೆತಾಯಿಯರನ್ನು ಕಳೆದುಕೊಂಡ ಮಗುವನ್ನು ಆಸ್ಪತ್ರೆಯಿಂದ ಎಲ್ಲಿಗೆ ಕಳುಹಿಸಬೇಕೆಂಬ ಪ್ರಶ್ನೆಗೆ ಸೇನಾ ನಿಯಮಗಳಲ್ಲಿ ಅಂತಹ ಸಿದ್ಧ ಉತ್ತರವಿರುವುದಿಲ್ಲ.

ಅಂತಾರಾಷ್ಟ್ರೀಯ ಕಾನೂನು

1949ರ ಆಗಸ್ಟ್ 12ರಂದು ಅಂಗೀಕೃತವಾದ ನಾಲ್ಕು ಜಿನೀವಾ ಒಪ್ಪಂದಗಳು 1950ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದವು. ಭಾರತವು ಅದೇ ವರ್ಷದ ನವೆಂಬರ್‌ನಲ್ಲಿ, ಎಂದರೆ ಈ ಘಟಕವು ಕೊರಿಯಾ ತಲುಪಿದ ತಿಂಗಳಲ್ಲೇ, ಅವುಗಳನ್ನು ಅನುಮೋದಿಸಿತು. ಮೊದಲನೆಯ ಒಪ್ಪಂದದ 12ನೇ ವಿಧಿಯ ಪ್ರಕಾರ ಗಾಯಗೊಂಡ ಸೈನಿಕರಿಗೆ ರಾಷ್ಟ್ರೀಯತೆ, ಜನಾಂಗ ಮುಂತಾದ ಭೇದವಿಲ್ಲದೆ ಚಿಕಿತ್ಸೆ ನೀಡಬೇಕು. ಯಾರಿಗೆ ಮೊದಲು ಎಂಬುದನ್ನು ವೈದ್ಯಕೀಯ ತುರ್ತು ಮಾತ್ರ ನಿರ್ಧರಿಸಬೇಕು. ನಾಲ್ಕನೆಯ ಒಪ್ಪಂದವು ನಾಗರಿಕರ ರಕ್ಷಣೆಗೆ ಸಂಬಂಧಿಸಿದ್ದು, ಅದರ 16ನೇ ವಿಧಿಯು ಗಾಯಾಳುಗಳು, ರೋಗಿಗಳು, ಅಶಕ್ತರು ಮತ್ತು ಗರ್ಭಿಣಿಯರಿಗೆ ವಿಶೇಷ ರಕ್ಷಣೆಯನ್ನು ವಿಧಿಸುತ್ತದೆ.

ಕದನವಿರಾಮದ ನಂತರ

1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿದ್ದಿತು. ಸ್ವದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ವಿಚಾರವನ್ನು ನೋಡಿಕೊಳ್ಳಲು ತಟಸ್ಥ ರಾಷ್ಟ್ರಗಳ ಆಯೋಗವು ರಚನೆಯಾಯಿತು. ಅದರ ಅಧ್ಯಕ್ಷರಾಗಿದ್ದವರು ಕೊಡಗಿನವರಾದ ಕೆ. ಎಸ್. ತಿಮ್ಮಯ್ಯ. ಕೈದಿಗಳ ಕಾವಲಿಗಾಗಿ ಭಾರತವು ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್ ನೇತೃತ್ವದಲ್ಲಿ ಪ್ರತ್ಯೇಕ ಪಡೆಯನ್ನು ಕಳುಹಿಸಿತು. 60ನೇ ಘಟಕವೂ ಈ ಪಡೆಯ ಜೊತೆ ಸೇರಿ, 1954ರ ಫೆಬ್ರವರಿಯಲ್ಲಿ ಸ್ವದೇಶಕ್ಕೆ ಮರಳಿತು.

ಗೌರವಗಳು ಮತ್ತು ನಂತರದ ಸೇವೆ

ರಂಗರಾಜ್ ಮತ್ತು ಬ್ಯಾನರ್ಜಿ ಇಬ್ಬರಿಗೂ ಮಹಾವೀರ ಚಕ್ರ ದೊರೆಯಿತು. ಘಟಕದ ಇತರ ಹಲವರು ವೀರ ಚಕ್ರ ಪಡೆದರು. 1955ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರು ಘಟಕಕ್ಕೆ ರಾಷ್ಟ್ರಪತಿ ಟ್ರೋಫಿಯನ್ನು ನೀಡಿದರು. ರಂಗರಾಜ್ ಅವರು ಮುಂದೆ ವಿಶ್ವ ಆರೋಗ್ಯ ಸಂಸ್ಥೆಯನ್ನು ಸೇರಿ, ಅಫ್ಘಾನಿಸ್ತಾನದಲ್ಲಿ ಸಿಡುಬು ನಿರ್ಮೂಲನ ಕಾರ್ಯದಲ್ಲಿ ಪ್ರಮುಖ ಪಾತ್ರ ವಹಿಸಿದರು. ದಕ್ಷಿಣ ಕೊರಿಯಾ ಸರ್ಕಾರವು 2020ರ ಜುಲೈ ತಿಂಗಳ 'ಯುದ್ಧವೀರ'ರೆಂದು ಅವರನ್ನು ಸ್ಮರಿಸಿತು.

ಇಂದು ಈ ಘಟಕವು 60 ಪ್ಯಾರಾ ಫೀಲ್ಡ್ ಆಸ್ಪತ್ರೆ ಎಂಬ ಹೆಸರಿನಿಂದ ಆಗ್ರಾದಲ್ಲಿದೆ. 2023ರ ಫೆಬ್ರವರಿಯಲ್ಲಿ ಟರ್ಕಿಯಲ್ಲಿ ಭೂಕಂಪ ಸಂಭವಿಸಿದಾಗ 'ಆಪರೇಷನ್ ದೋಸ್ತ್' ಅಡಿಯಲ್ಲಿ ಇದರ 99 ಮಂದಿಯ ತಂಡವು ಹತಾಯ್ ಪ್ರಾಂತ್ಯದ ಇಸ್ಕೆಂದೆರುನ್ ನಗರದಲ್ಲಿ 30 ಹಾಸಿಗೆಗಳ ಆಸ್ಪತ್ರೆಯನ್ನು ತೆರೆದು ಸಂತ್ರಸ್ತ ನಾಗರಿಕರಿಗೆ ಚಿಕಿತ್ಸೆ ನೀಡಿತು.