ಗೇಜ್ (ತಗಡು ಮತ್ತು ತಂತಿಗಳ ದಪ್ಪದ ಅಳತೆ)

ಗೇಜ್ ಎಂಬುದು ಲೋಹದ ತಗಡಿನ ದಪ್ಪವನ್ನೂ ತಂತಿಯ ವ್ಯಾಸವನ್ನೂ ಕ್ರಮಸಂಖ್ಯೆಯ ಮೂಲಕ ಸೂಚಿಸುವ ಪದ್ಧತಿಯಾಗಿದೆ. ಇದರಲ್ಲಿ ಸಂಖ್ಯೆ ಹೆಚ್ಚಿದಂತೆ ದಪ್ಪ ಕಡಿಮೆಯಾಗುತ್ತದೆ. ಉದಾಹರಣೆಗೆ, 16 ಗೇಜ್ ತಗಡಿಗಿಂತ 24 ಗೇಜ್ ತಗಡು ತೆಳುವಾಗಿರುತ್ತದೆ. ಗೇಜ್ ಅಳತೆಯ ಮೂಲಮಾನವಲ್ಲ. ಅದು ಒಂದು ಪಟ್ಟಿಯಲ್ಲಿನ ಸ್ಥಾನ ಮಾತ್ರ. ಆದುದರಿಂದ ಯಾವ ಪಟ್ಟಿಯೆಂದು ತಿಳಿಯದೆ ಗೇಜ್ ಸಂಖ್ಯೆಯಿಂದ ನಿಖರವಾದ ದಪ್ಪವನ್ನು ಹೇಳಲಾಗದು. ರೈಲು ಹಳಿಗಳ ನಡುವಿನ ಅಂತರವನ್ನು ಹೇಳುವ ಗೇಜ್‌ಗೂ ಇದಕ್ಕೂ ಸಂಬಂಧವಿಲ್ಲ.

ಹಿನ್ನೆಲೆ

ಲೋಹದ ಸರಳನ್ನು ಅಚ್ಚಿನ ಕಿರಿದಾದ ರಂಧ್ರದ ಮೂಲಕ ಎಳೆದು ತಂತಿಯನ್ನು ತಯಾರಿಸುತ್ತಾರೆ. ಬೇಕಾದ ಸಣ್ಣ ಗಾತ್ರ ದೊರೆಯುವವರೆಗೆ ಒಂದಕ್ಕಿಂತ ಒಂದು ಕಿರಿದಾದ ರಂಧ್ರಗಳಲ್ಲಿ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ. ಹೀಗೆ ಎಳೆದ ಸರದಿಯ ಎಣಿಕೆಯೇ ಗೇಜ್ ಸಂಖ್ಯೆಯ ಮೂಲವೆಂದು ವಿವರಿಸಲಾಗುತ್ತದೆ. ಹೆಚ್ಚು ಬಾರಿ ಎಳೆದ ತಂತಿ ಹೆಚ್ಚು ತೆಳುವಾಗುವುದರಿಂದ ಸಂಖ್ಯೆಯೂ ದಪ್ಪವೂ ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ. ಮೊದಲಿಗೆ ಒಂದೊಂದು ಕಾರ್ಖಾನೆಯೂ ತನ್ನದೇ ಪಟ್ಟಿಯನ್ನು ಬಳಸುತ್ತಿದ್ದುದರಿಂದ ವ್ಯಾಪಾರದಲ್ಲಿ ಗೊಂದಲ ಉಂಟಾಗುತ್ತಿತ್ತು.

ಪ್ರಮುಖ ಪದ್ಧತಿಗಳು

* ಬರ್ಮಿಂಗ್‌ಹ್ಯಾಮ್ ವೈರ್ ಗೇಜ್ (ಬಿ.ಡಬ್ಲ್ಯು.ಜಿ.): ಹಳೆಯ ಬ್ರಿಟಿಷ್ ಪದ್ಧತಿ. ಇಂದಿಗೂ ಕೊಳವೆಗಳ ಗೋಡೆಯ ದಪ್ಪವನ್ನು ಸೂಚಿಸಲು ಬಳಕೆಯಲ್ಲಿದೆ.
* ಸ್ಟ್ಯಾಂಡರ್ಡ್ ವೈರ್ ಗೇಜ್ (ಎಸ್.ಡಬ್ಲ್ಯು.ಜಿ.): ಬ್ರಿಟನ್ನಿನಲ್ಲಿ 1883ರಲ್ಲಿ ಅಂಗೀಕೃತವಾಗಿ 1884ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಇದರಲ್ಲಿ 7/0 ಸಂಖ್ಯೆಯ ತಂತಿ ಅರ್ಧ ಅಂಗುಲ ದಪ್ಪ. 50ನೆಯ ಸಂಖ್ಯೆಯದು ಅಂಗುಲದ ಸಾವಿರದ ಒಂದು ಭಾಗ. ಭಾರತದಲ್ಲಿ ಹೆಚ್ಚು ಪರಿಚಿತವಾದುದು ಇದೇ.
* ಅಮೆರಿಕನ್ ವೈರ್ ಗೇಜ್ (ಎ.ಡಬ್ಲ್ಯು.ಜಿ.): 1857ರಿಂದ ಬಳಕೆಯಲ್ಲಿದ್ದು, ಗಣಿತದ ನಿಯಮವನ್ನು ಅನುಸರಿಸುತ್ತದೆ. ಸಂಖ್ಯೆ 6ರಷ್ಟು ಇಳಿದರೆ ವ್ಯಾಸವೂ, 3ರಷ್ಟು ಇಳಿದರೆ ಅಡ್ಡಕೊಯ್ತದ ವಿಸ್ತೀರ್ಣವೂ ಸುಮಾರು ಎರಡು ಪಟ್ಟಾಗುತ್ತದೆ.
* ಅಮೆರಿಕದ ಉಕ್ಕಿನ ತಗಡಿನ ಗೇಜ್: ಇದು ತಗಡಿನ ತೂಕವನ್ನು ಆಧರಿಸಿದೆ. ಸಾದಾ ಉಕ್ಕು, ಸತು ಲೇಪಿತ ಉಕ್ಕು ಮತ್ತು ಸ್ಟೇನ್‌ಲೆಸ್ ಉಕ್ಕುಗಳಿಗೆ ಪ್ರತ್ಯೇಕ ಪಟ್ಟಿಗಳಿವೆ. 16 ಗೇಜ್ ಎಂದರೆ ಸಾದಾ ಉಕ್ಕಿನಲ್ಲಿ 1.52 ಮಿ.ಮೀ., ಸತು ಲೇಪಿತದಲ್ಲಿ 1.61 ಮಿ.ಮೀ.

ಹೋಲಿಕೆ (ಮಿಲಿಮೀಟರ್‌ಗಳಲ್ಲಿ)

| ಗೇಜ್ | ಎಸ್.ಡಬ್ಲ್ಯು.ಜಿ. | ಬಿ.ಡಬ್ಲ್ಯು.ಜಿ. | ಎ.ಡಬ್ಲ್ಯು.ಜಿ. | ಅಮೆರಿಕದ ಸಾದಾ ಉಕ್ಕಿನ ತಗಡು |
|---|---|---|---|---|
| 10 | 3.25 | 3.40 | 2.59 | 3.42 |
| 14 | 2.03 | 2.11 | 1.63 | 1.90 |
| 16 | 1.63 | 1.65 | 1.29 | 1.52 |
| 18 | 1.22 | 1.24 | 1.02 | 1.21 |
| 20 | 0.91 | 0.89 | 0.81 | 0.91 |
| 22 | 0.71 | 0.71 | 0.64 | 0.76 |
| 24 | 0.56 | 0.56 | 0.51 | 0.61 |

ಭಾರತದಲ್ಲಿ ಮತ್ತು ಕರ್ನಾಟಕದಲ್ಲಿ ಬಳಕೆ

ಭಾರತದಲ್ಲಿ 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂತಹ ದೊಡ್ಡ ಉಕ್ಕಿನ ಸ್ಥಾವರಗಳು ತಗಡಿನ ಸುರುಳಿಗಳ ದಪ್ಪವನ್ನು ಮಿಲಿಮೀಟರಿನಲ್ಲಿಯೇ ನಮೂದಿಸುತ್ತವೆ. ಮನೆಯ ವಿದ್ಯುತ್ ತಂತಿಗಳು 1.0, 1.5, 2.5, 4 ಚದರ ಮಿ.ಮೀ. ಎಂಬ ಅಡ್ಡಕೊಯ್ತದ ಅಳತೆಯಲ್ಲಿ ಮಾರಾಟವಾಗುತ್ತವೆ. ಹಾಗಿದ್ದರೂ ಅಂಗಡಿ ಮತ್ತು ಕುಶಲಕರ್ಮಿಗಳ ಮಾತಿನಲ್ಲಿ ಗೇಜ್ ಉಳಿದುಕೊಂಡಿದೆ.

ಮರದ ಬೊಂಬೆಗಳಿಗೆ ಹೆಸರಾದ ಕಿನ್ನಾಳವೂ ಸೇರಿದಂತೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಕೃಷಿಕರಿಗೆ ಈ ಅಳತೆ ಮುಖ್ಯವಾಗಿ ಮೂರು ಕಡೆ ಎದುರಾಗುತ್ತದೆ: ಉತ್ತರ ಕರ್ನಾಟಕದಲ್ಲಿ ಪತ್ರಾಸು ಎಂದು ಕರೆಯುವ ಛಾವಣಿಯ ತಗಡು, ಹೊಲದ ಬೇಲಿಯ ತಂತಿ ಮತ್ತು ಪಂಪ್‌ಸೆಟ್ ಮೋಟಾರಿನ ಸುರುಳಿ.

ಸುಟ್ಟ ಮೋಟಾರಿಗೆ ಮರುಸುತ್ತುವಾಗ ಮೊದಲಿದ್ದ ಗೇಜಿನ ತಾಮ್ರದ ತಂತಿಯನ್ನೇ ಬಳಸುವುದು ಅವಶ್ಯಕ. 20 ಎಸ್.ಡಬ್ಲ್ಯು.ಜಿ. ತಂತಿಯ ಬದಲು 20 ಎ.ಡಬ್ಲ್ಯು.ಜಿ. ತಂತಿಯನ್ನು ಸುತ್ತಿದರೆ ಸಂಖ್ಯೆ ಒಂದೇ ಆಗಿದ್ದರೂ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಶೇಕಡ 21ರಷ್ಟು ಕಡಿಮೆಯಾಗುತ್ತದೆ. ತಂತಿಯ ರೋಧ ಸುಮಾರು ಶೇಕಡ 27ರಷ್ಟು ಹೆಚ್ಚುತ್ತದೆ. ಅಷ್ಟೇ ವಿದ್ಯುತ್ ಹರಿದಾಗ ತಂತಿ ಹೆಚ್ಚು ಬಿಸಿಯಾಗಿ ಮೋಟಾರು ಮತ್ತೆ ಸುಡುವ ಸಂಭವವಿರುತ್ತದೆ.

ಅಳೆಯುವ ವಿಧಾನ

ಅಂಚಿನಲ್ಲಿ ಸಂಖ್ಯೆ ನಮೂದಿಸಿದ ಸೀಳುಗಳಿರುವ ದುಂಡನೆಯ ಉಕ್ಕಿನ ಬಿಲ್ಲೆ ಕೆಲಸಗಾರರ ಸಾಮಾನ್ಯ ಸಾಧನ. ತಗಡು ಅಥವಾ ತಂತಿ ಯಾವ ಸೀಳಿನಲ್ಲಿ ಬಿಗಿಯಾಗದೆ, ಸಡಿಲವೂ ಆಗದೆ ಕೂರುತ್ತದೆಯೋ ಅದೇ ಅದರ ಗೇಜ್. ಸೀಳಿನ ತುದಿಯಲ್ಲಿರುವ ಅಗಲವಾದ ದುಂಡು ರಂಧ್ರ ಅಳತೆಗಲ್ಲ, ತಗಡನ್ನು ಸುಲಭವಾಗಿ ಹೊರತೆಗೆಯಲು. ಹೆಚ್ಚು ನಿಖರತೆಗೆ ಶಾಲಾ ಪ್ರಯೋಗಾಲಯಗಳಲ್ಲಿಯೂ ಇರುವ ಸ್ಕ್ರೂಗೇಜನ್ನು ಬಳಸಬಹುದು. ಇದು ಸಾಮಾನ್ಯವಾಗಿ 0.01 ಮಿ.ಮೀ.ವರೆಗೆ ಅಳೆಯುತ್ತದೆ. ಕತ್ತರಿಸಿದ ಅಂಚಿನ ಮುರುಕು ಹಾಗೂ ಬಣ್ಣದ ಪದರ ಅಳತೆಯನ್ನು ಹೆಚ್ಚಿಸಿ ತೋರಿಸುವುದರಿಂದ ಅಂಚಿನಿಂದ ತುಸು ಒಳಗೆ, ಬಣ್ಣವಿಲ್ಲದ ಕಡೆ, ಹಲವು ಸ್ಥಳಗಳಲ್ಲಿ ಅಳೆಯಬೇಕು. ಎನಾಮಲ್ ಲೇಪವಿರುವ ತಾಮ್ರದ ತಂತಿಯ ಲೇಪವನ್ನು ತೆಗೆದು ಅಳೆಯಬೇಕು.

ಸಾಧನವಿಲ್ಲದಿದ್ದರೆ ತೂಕದಿಂದಲೂ ದಪ್ಪವನ್ನು ತಿಳಿಯಬಹುದು. ಒಂದು ಚದರ ಮೀಟರ್ ವಿಸ್ತೀರ್ಣದ, 1 ಮಿ.ಮೀ. ದಪ್ಪದ ಉಕ್ಕಿನ ತಗಡು 7.85 ಕಿ.ಗ್ರಾಂ ತೂಗುತ್ತದೆ. ಈ ಲೆಕ್ಕದಲ್ಲಿ 8 ಅಡಿ ಉದ್ದ, 4 ಅಡಿ ಅಗಲದ 22 ಎಸ್.ಡಬ್ಲ್ಯು.ಜಿ. ತಗಡು ಸುಮಾರು 16.6 ಕಿ.ಗ್ರಾಂ, 24ರದು ಸುಮಾರು 13 ಕಿ.ಗ್ರಾಂ ತೂಗಬೇಕು. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ತಗಡುಗಳ ನಡುವೆ ಮೂರೂವರೆ ಕಿಲೋ ಉಕ್ಕಿನ ವ್ಯತ್ಯಾಸವಿರುತ್ತದೆ. ಆದುದರಿಂದ ಖರೀದಿಸುವಾಗ ದಪ್ಪವನ್ನು ಮಿಲಿಮೀಟರಿನಲ್ಲಿ ಕೇಳಿ ರಸೀದಿಯಲ್ಲಿ ಬರೆಸಿಕೊಳ್ಳುವುದು ಸೂಕ್ತ.

ಪ್ಲಾಸ್ಟಿಕ್ ಹಾಳೆಗಳಲ್ಲಿ ಗೇಜ್

ಪಾಲಿಥೀನ್ ಹಾಳೆಗಳ ಗೇಜ್ ಲೋಹದ ಗೇಜಿಗೆ ತದ್ವಿರುದ್ಧವಾದುದು. ಇಲ್ಲಿ ಸಂಖ್ಯೆ ಹೆಚ್ಚಿದಂತೆ ದಪ್ಪವೂ ಹೆಚ್ಚುತ್ತದೆ. 100 ಗೇಜ್ ಸುಮಾರು 25 ಮೈಕ್ರಾನಿಗೆ ಸಮ; 400 ಗೇಜಿನ ಹಾಳೆ ಸುಮಾರು 100 ಮೈಕ್ರಾನ್, ಅಂದರೆ 0.1 ಮಿ.ಮೀ. ದಪ್ಪವಿರುತ್ತದೆ.