ಮಂಗಳದ ಜರಡಿ, ಚಿಪ್ಪಿನ ಉಂಗುರ

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಶಹಾಡ್ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುತ್ತ, ಮಂಗಳಯಾನ ಕಕ್ಷೆ ಸೇರಿದ ಸುದ್ದಿ ಓದಿದ್ದೆ. ಅದರಲ್ಲಿ 2.94 ಕೆ.ಜಿ.ಯ ಮಿಥೇನ್ ಸಂವೇದಕವಿತ್ತು. 1.65 ಮೈಕ್ರಾನ್ ಆಸುಪಾಸಿನ ಅವಕೆಂಪು ಬೆಳಕನ್ನು ಸೋಸಲು ಫ್ಯಾಬ್ರಿ-ಪೆರೋ ಜರಡಿ. 1890ರ ದಶಕದ ಫ್ರೆಂಚ್ ಉಪಾಯ. ಮಿಥೇನ್ ಸಿಗಲಿಲ್ಲ. ಉಪಕರಣ ಮಂಗಳದ ನೆಲದ ಹೊಳಪಿನ ನಕ್ಷೆ ಕೊಟ್ಟಿತು. ಸೋಲು ಎನ್ನಲು ನನಗೆ ಮನಸ್ಸಿಲ್ಲ.

ನಮ್ಮ ಕಣ್ಣಿಗೆ ಕಪ್ಪಾದ ಸಿಲಿಕಾನ್, ಈ ಬೆಳಕಿಗೆ ಗಾಜಿನಂತೆ. 1985ರಲ್ಲಿ ಸೊರೆಫ್ ಮತ್ತು ಲೊರೆಂಜೊ ಅದರೊಳಗೆ ಬೆಳಕಿನ ಕಾಲುವೆ ಸಾಧ್ಯವೆಂದು ತೋರಿಸಿದರು. ಕಾಲುವೆಯ ಪಕ್ಕ ಕೂದಲಿಗಿಂತ ಸಣ್ಣ ಉಂಗುರವಿಟ್ಟರೆ ಅದೇ ಜರಡಿ: ಸುತ್ತಳತೆಗೆ ಹೊಂದುವ ತರಂಗವಷ್ಟೇ ಒಳಗೆ ಸುತ್ತುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥ ಚಿಪ್‌ಗಳ ಕೆಲಸ ನಡೆದಿದೆ. ತೊಡಕೆಂದರೆ ಬಿಸಿ. ಒಂದು ಡಿಗ್ರಿ ಏರಿದರೆ ಉಂಗುರದ ಗುರಿ ಸುಮಾರು 0.08 ನ್ಯಾನೋಮೀಟರ್ ಜಾರುತ್ತದೆ. ನಮ್ಮ ಮೇ ತಿಂಗಳ ಸೆಕೆಗೆ ಮಿಥೇನಿನ ಗೆರೆಯೇ ತಪ್ಪೀತು! ಅದಕ್ಕೇ ಉಂಗುರಕ್ಕೆ ಪುಟ್ಟ ಹೀಟರ್ ಕೂರಿಸುತ್ತಾರೆ.