ಕಂಬಳದ ಕೋಣಕ್ಕೆ ಕ್ಯಾಮೆರಾ ಹಿಡಿಯುವ ಮುನ್ನ: ಅನುಮತಿ, ಮರ್ಯಾದೆ ಮತ್ತು ಕಾನೂನು

ನವೆಂಬರ್ ಬಂತೆಂದರೆ ಕರಾವಳಿಯಲ್ಲಿ ಕಂಬಳದ ಹಂಗಾಮ. ಗದ್ದೆಯ ಬದಿಯಲ್ಲಿ ಈಗ ಪ್ರೇಕ್ಷಕರಿಗೆ ಸಮನಾಗಿ ಕ್ಯಾಮೆರಾಗಳೂ ಇರುತ್ತವೆ. ಪತ್ರಿಕೆಯವರು, ಮದುವೆ ಫೋಟೋಗ್ರಾಫರ್‌ಗಳು, ರೀಲ್ಸ್ ಮಾಡುವ ಹುಡುಗರು, ಬೆಂಗಳೂರಿನಿಂದ ದೊಡ್ಡ ಲೆನ್ಸ್ ಹೊತ್ತು ಬರುವ ಹವ್ಯಾಸಿಗಳು, ಎಲ್ಲರೂ ಇದ್ದಾರೆ. ನಾನೂ ಹಲವು ವರ್ಷಗಳಿಂದ ಆ ಸಾಲಿನಲ್ಲಿ ನಿಂತವನೇ. ಹೊಸಬರು ನನ್ನನ್ನು ಕೇಳುವುದು ಹೆಚ್ಚಾಗಿ ಶಟರ್ ಸ್ಪೀಡ್ ಎಷ್ಟಿಡಬೇಕು ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಯಾರ ಅನುಮತಿ ಬೇಕು? ಎಲ್ಲಿ ನಿಲ್ಲಬಾರದು? ತೆಗೆದ ಚಿತ್ರ ಯಾರದ್ದು? ಕೋಣಕ್ಕೆ ಹೊಡೆಯುವುದು ಕಂಡರೆ ಕ್ಯಾಮೆರಾ ಕೆಳಗಿಳಿಸಬೇಕೇ?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಕ್ಯಾಮೆರಾ ಕಂಡರೆ ಅನುಮಾನ ಯಾಕೆ?

2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟದ ವಿರುದ್ಧ ತೀರ್ಪು ಕೊಟ್ಟಿತು. ಅದರ ಬಿಸಿ ಕಂಬಳಕ್ಕೂ ತಟ್ಟಿತು. 2016ರ ನವೆಂಬರ್‌ನಲ್ಲಿ ಹೈಕೋರ್ಟ್ ಕಂಬಳಕ್ಕೆ ತಡೆ ನೀಡಿತು. ಆಮೇಲೆ ರಾಜ್ಯ ಸರ್ಕಾರ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೆ ದಾರಿ ಮಾಡಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕರ್ನಾಟಕ, ತಮಿಳುನಾಡು ಮತ್ತು ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ನಿಯಮಗಳು ಕಟ್ಟುನಿಟ್ಟಾಗಿ ಪಾಲನೆಯಾಗಬೇಕು, ಅದಕ್ಕೆ ಜಿಲ್ಲಾಡಳಿತ ಹೊಣೆ ಎಂದೂ ಹೇಳಿತು.

ಈ ವರ್ಷಗಳುದ್ದಕ್ಕೂ ವಾದ ನಡೆದದ್ದು ಕಾಗದದ ಮೇಲೆ ಮಾತ್ರ ಅಲ್ಲ, ಚಿತ್ರಗಳ ಮೇಲೂ. ಹಾಗಾಗಿ ಕೋಣದ ಯಜಮಾನರ ಕಣ್ಣಿಗೆ ಅಪರಿಚಿತ ಕ್ಯಾಮೆರಾ ಎರಡು ರೀತಿ ಕಾಣುತ್ತದೆ. ನಮ್ಮ ಕೋಣಕ್ಕೆ ಹೆಸರು ತರುವವನೋ, ಕಂಬಳ ನಿಲ್ಲಿಸಲು ಸಾಕ್ಷಿ ಹುಡುಕುವವನೋ? ಕೇಳದೆ ಮೂತಿಗೆ ಲೆನ್ಸ್ ಹಿಡಿದರೆ ಅವರು ಎರಡನೆಯದನ್ನೇ ಊಹಿಸುತ್ತಾರೆ.

ಯಾರನ್ನು ಕೇಳಬೇಕು?

ಕಂಬಳ ಸಾವಿರಾರು ಜನ ಸೇರುವ ಬಹಿರಂಗ ಸ್ಪರ್ಧೆ. ಪ್ರೇಕ್ಷಕರ ಜಾಗದಲ್ಲಿ ನಿಂತು ಓಟದ ಫೋಟೋ ತೆಗೆಯಲು ಒಬ್ಬೊಬ್ಬ ಯಜಮಾನರ ಅನುಮತಿ ಬೇಕಿಲ್ಲ. ಆದರೆ ಗದ್ದೆ ಯಾರದ್ದೋ ಜಾಗ, ವ್ಯವಸ್ಥೆ ಸಮಿತಿಯದ್ದು. ಹಗ್ಗ ದಾಟಿ ಒಳಗೆ ಹೋಗಬೇಕಾದರೆ ಸಮಿತಿಯ ಪಾಸ್ ಬೇಕು. ಬೆಳಿಗ್ಗೆಯೇ ಹೋಗಿ ಸಮಿತಿಯವರನ್ನು ಕಂಡು, ಯಾವ ಸಂಸ್ಥೆಗೆ, ಯಾವ ಉದ್ದೇಶಕ್ಕೆ ಅಂತ ಹೇಳಿಬಿಡಿ. ರಾತ್ರಿ ಹನ್ನೆರಡರ ಗದ್ದಲದಲ್ಲಿ ಪಾಸ್ ಕೇಳಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಕೋಣಗಳನ್ನು ಕಟ್ಟಿರುವ ಜಾಗದ ಕಥೆ ಬೇರೆ. ಅದು ಆ ಮಟ್ಟಿಗೆ ಯಜಮಾನರ ಮನೆಯಂಗಳ. ಅಲ್ಲಿ ಕೇಳದೆ ತೆಗೆಯಬಾರದು. ಪಕ್ಕದಲ್ಲಿ ನೀರು ಹಾಕುತ್ತಿರುವ ಹುಡುಗನನ್ನಲ್ಲ, ಯಜಮಾನರನ್ನೇ ಕೇಳಿ. "ದಣಿಗಳೇ, ಒಂದು ಫೋಟೋ ತೆಗೀಬಹುದಾ?" ಅಂದರೆ ಸಾಕು, ಬಹಳ ಸಲ ಅವರೇ ಕೋಣವನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸುತ್ತಾರೆ. "ಓಟ ಮುಗೀಲಿ, ಈಗ ಬೇಡ ಮಾರಾಯ್ರೆ" ಅಂದರೆ ಅಲ್ಲಿಗೆ ಬಿಡಿ. ಓಟಕ್ಕೆ ಮುಂಚೆ ಫೋಟೋ ತೆಗೆದರೆ ದೃಷ್ಟಿ ತಾಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ನಮಗೆ ನಂಬಿಕೆ ಇಲ್ಲದಿದ್ದರೂ ವಾದ ಮಾಡುವ ಸಮಯ ಅದಲ್ಲ. ದೈವದ ನಂಟಿರುವ ಸಾಂಪ್ರದಾಯಿಕ ಕಂಬಳಗಳಲ್ಲಿ ಪೂಜೆಯ ಹೊತ್ತಿಗೆ ಕ್ಯಾಮೆರಾ ನಡೆಯುತ್ತದೆಯೇ, ಚಪ್ಪಲಿ ಎಲ್ಲಿ ಬಿಡಬೇಕು ಎಂಬುದನ್ನೂ ಊರವರನ್ನೇ ಕೇಳಿ.

ಓಡಿಸುವವರನ್ನು ಮರೆಯಬೇಡಿ. ಓಟದ ಸುದ್ದಿಚಿತ್ರ ಬೇರೆ, ಅದೇ ಚಿತ್ರವನ್ನು ಎಣ್ಣೆ ಡಬ್ಬಿಯ ಜಾಹೀರಾತಿಗೆ ಮಾರುವುದು ಬೇರೆ. 2017ರ ಪುಟ್ಟಸ್ವಾಮಿ ತೀರ್ಪಿನ ನಂತರ ಖಾಸಗಿತನ ಮೂಲಭೂತ ಹಕ್ಕು. ಗುರುತು ಸಿಗುವ ಮುಖವನ್ನು ವ್ಯಾಪಾರಕ್ಕೆ ಬಳಸುವ ಮುನ್ನ ಬರಹದಲ್ಲಿ ಒಪ್ಪಿಗೆ ಪಡೆಯುವುದೇ ಸರಿ, ಒಂದಿಷ್ಟು ಹಣ ಕೊಡುವುದು ಇನ್ನೂ ಸರಿ.

ಎಲ್ಲಿ ನಿಲ್ಲಬಾರದು?

ಕೋಣದ ಕಣ್ಣುಗಳು ತಲೆಯ ಎರಡು ಬದಿಗಿವೆ. ಸುತ್ತಲೂ ಬಹುತೇಕ ಎಲ್ಲವೂ ಕಾಣುತ್ತದೆ, ನೇರ ಹಿಂಭಾಗ ಮಾತ್ರ ಕಾಣದು. ಹಿಂದಿನಿಂದ ಸದ್ದಿಲ್ಲದೆ ಹೋದರೆ ಬೆದರಿ ಒದೆಯಬಹುದು. ಪಕ್ಕದಲ್ಲಿ ಏನಾದರೂ ತಟ್ಟನೆ ಅಲುಗಾಡಿದರೂ ಅದರ ಗಮನ ಅತ್ತ ಹೋಗುತ್ತದೆ. ಕಣ್ಣಿನ ಹಿಂದೆ ಬೆಳಕನ್ನು ಪ್ರತಿಫಲಿಸುವ ಪದರ ಇರುವುದರಿಂದ ಮಂದ ಬೆಳಕಲ್ಲೂ ಅದು ಚೆನ್ನಾಗಿ ನೋಡಬಲ್ಲದು. ಅಂಥ ಕಣ್ಣಿಗೆ ಕತ್ತಲಲ್ಲಿ ಫ್ಲಾಶ್ ಹೊಡೆದರೆ ಹೇಗಾಗಬೇಡ? ಹಾಗಾಗಿ ಫ್ಲಾಶ್ ಬೇಡವೇ ಬೇಡ. ರಾತ್ರಿ ಫ್ಲಡ್‌ಲೈಟ್ ಇರುತ್ತದೆ. ಐಎಸ್ಒ ಏರಿಸಿಕೊಳ್ಳಿ, ಚಿತ್ರದಲ್ಲಿ ಸ್ವಲ್ಪ ಕಾಳು ಕಂಡರೆ ಕಾಣಲಿ.

ಗಂತಿನಲ್ಲಿ, ಅಂದರೆ ಕೋಣ ಬಿಡುವ ತುದಿಯಲ್ಲಿ, ಕೋಣಗಳು ಕಾತರದಲ್ಲಿರುತ್ತವೆ. ಬಿಡುವವರ ನಡುವೆ ನುಗ್ಗಬೇಡಿ. ಮಂಜೊಟ್ಟಿ, ಅಂದರೆ ಓಟ ಮುಗಿದು ಕೋಣಗಳು ಮೇಲೇರುವ ತುದಿ, ಎಲ್ಲರಿಗೂ ಬೇಕಾದ ಜಾಗ. ಮುಖ, ನೀರು, ವೇಗ ಎಲ್ಲಾ ಒಂದೇ ಚೌಕಟ್ಟಿಗೆ ಸಿಗುತ್ತದೆ. ಅಪಾಯ ಹೆಚ್ಚಿರುವುದೂ ಅಲ್ಲೇ. ಕೋಣಗಳು ಗೆರೆ ದಾಟಿದ ಕೂಡಲೇ ನಿಲ್ಲುವುದಿಲ್ಲ, ಹಿಡಿಯುವವರಿಗೆ ಜಾಗ ಬೇಕು. ನೇರ ಎದುರಿಗೆ ಕುಕ್ಕರಗಾಲಲ್ಲಿ ಕೂತು ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟವನಿಗೆ ಕೋಣ ಇನ್ನೂ ದೂರದಲ್ಲಿದೆ ಅಂತಲೇ ಅನ್ನಿಸುತ್ತಿರುತ್ತದೆ. ಬದಿಗೆ ನಿಂತು ಉದ್ದ ಲೆನ್ಸ್ ಬಳಸಿ. ಜೊತೆಗೊಬ್ಬ ಗೆಳೆಯ ಬರಿಗಣ್ಣಲ್ಲಿ ಗದ್ದೆ ನೋಡುತ್ತಿರಲಿ.

ತೀರ್ಪಿಗೆ ಅಡ್ಡವಾಗುವುದೂ ತಪ್ಪು. ಕನೆಹಲಗೆ ವಿಭಾಗದಲ್ಲಿ ಮೇಲೆ ಕಟ್ಟಿದ ನಿಶಾನೆಗೆ ನೀರು ಚಿಮ್ಮಿತೇ ಎಂಬುದೇ ನಿರ್ಣಯ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ಆ ನಿಶಾನೆಗೂ ತೀರ್ಪುಗಾರರಿಗೂ ನಡುವೆ ನಿಮ್ಮ ಟ್ರೈಪಾಡ್ ಬರಕೂಡದು. ಹಗ್ಗ, ನೇಗಿಲು ಮುಂತಾದ ಓಟಗಳಲ್ಲಿ ಈಗ ಲೇಸರ್ ಕಿರಣದಿಂದ ಫಲಿತಾಂಶ ಗುರುತಿಸುವ ಕಡೆ ಆ ಗೆರೆಯ ಹತ್ತಿರವೂ ಸುಳಿಯಬೇಡಿ.

ಡ್ರೋನ್‌ಗೆ ಸಮಿತಿಯ ಒಪ್ಪಿಗೆಯೊಂದೇ ಸಾಲದು. 2021ರ ಡ್ರೋನ್ ನಿಯಮಗಳ ಪ್ರಕಾರ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರು, ಹಳದಿ, ಕೆಂಪು ವಲಯಗಳಲ್ಲಿ ಯಾವುದು ಅಂತ ನೋಡಬೇಕು. ಅನುಮತಿ ಇದ್ದರೂ ಕೋಣಗಳ ತಲೆಯ ಮೇಲೆ ತಗ್ಗಿನಲ್ಲಿ ಹಾರಿಸಬಾರದು.

ಇದೇ ಶಿಸ್ತು ಬೇರೆ ಕಡೆಗೂ ಸಲ್ಲುತ್ತದೆ. ಶ್ವಾನ ಪ್ರದರ್ಶನದಲ್ಲಿ ತೀರ್ಪುಗಾರರು ನಾಯಿಯನ್ನು ಪರೀಕ್ಷಿಸುವಾಗ ಅದು ಕಿವಿ ನಿಮಿರಿಸಲಿ ಅಂತ ರಿಂಗ್ ಹೊರಗಿನಿಂದ ಕೀಂ ಕೀಂ ಆಟಿಕೆ ಒತ್ತುವುದು ಸ್ಪರ್ಧೆಯಲ್ಲಿ ಕೈಯಾಡಿಸಿದಂತೆ. ಸುತ್ತೂರಿನಂಥ ಜಾನುವಾರು ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತಿನ ಜೋಡಿಯ ಮೂಗುದಾರ ಹಿಡಿದು ನೀವೇ ತಿರುಗಿಸಹೋಗಬೇಡಿ. ಅದು ಯಜಮಾನರ ಕೆಲಸ.

ಚಿತ್ರ ಯಾರದ್ದು?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವರು. ಸಾಮಾನ್ಯವಾಗಿ ಹಕ್ಕೂ ಅವರದ್ದೇ. ಆದರೆ ಯಜಮಾನರು ದುಡ್ಡು ಕೊಟ್ಟು ತಮ್ಮ ಕೋಣದ ಫೋಟೋ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ಅವರಿಗೆ ಹೋಗುತ್ತದೆ. ಕೋಣ ನನ್ನದು ಎಂಬ ಕಾರಣಕ್ಕೇ ಯಜಮಾನರಿಗೆ ಫೋಟೋದ ಹಕ್ಕು ಬರುವುದಿಲ್ಲ. ಹಾಗಂತ ಕೋಣದ ಹೆಸರು, ಮನೆತನದ ಹೆಸರು ಹಾಕದೆ ಚಿತ್ರ ಮಾತ್ರ ಮಾರಿಕೊಳ್ಳುವುದು ಮರ್ಯಾದೆಯಲ್ಲ. ವರ್ಷವಿಡೀ ಸಾಕಿ ಪಳಗಿಸಿದವರಿಗೆ ಒಂದೆರಡು ಒಳ್ಳೆ ಫೋಟೋ ಕಳಿಸಿಕೊಡುವುದು ನನ್ನ ಮಟ್ಟಿಗೆ ಬಾಕಿ ತೀರಿಸಿದ ಹಾಗೆ. ಮುಂದಿನ ಕಂಬಳದಲ್ಲಿ ನಿಮಗೆ ಅನುಮತಿ ಸಿಗುವುದೂ ಅದರಿಂದಲೇ.

ಚಿತ್ರದ ಕೆಳಗಿನ ಸಾಲಿಗೂ ಹೊಣೆಯಿದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು 100 ಮೀಟರಿಗೆ ಲೆಕ್ಕ ಹಾಕಿ 9.55 ಸೆಕೆಂಡ್ ಅಂದರು, ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟರು. ಚಿತ್ರ ದೇಶವೆಲ್ಲ ಸುತ್ತಿತು. ಮುಂದೆ ಎರಡು ಕೋಣಗಳು ಎಳೆಯುತ್ತಿದ್ದವು ಎಂಬುದು ಮಾತ್ರ ಶೀರ್ಷಿಕೆಗಳಲ್ಲಿ ಕಳೆದುಹೋಯಿತು. ಗೌಡರೇ ಆ ಹೋಲಿಕೆಯನ್ನು ಒಪ್ಪದೆ, ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೂ ಹೋಗಲಿಲ್ಲ.

ಹೊಡೆಯುವುದು ಕಂಡರೆ?

ಇಲ್ಲಿ ನನ್ನ ನಿಲುವು ಸ್ಪಷ್ಟ. ಮರ್ಯಾದೆ ಅಂದರೆ ಮೌನ ಅಲ್ಲ. ಅನುಮತಿ ಕೊಟ್ಟವರು ಒಳ್ಳೆಯದನ್ನು ಮಾತ್ರ ತೋರಿಸಿ ಅಂತ ಬಯಸುವುದು ಸಹಜ. ಆದರೆ ಕಂಬಳ ಇವತ್ತು ಕಾನೂನಿನ ಮುಂದೆ ನಿಂತಿರುವುದು ಅನಗತ್ಯ ನೋವು ಕೊಡುವುದಿಲ್ಲ ಎಂಬ ಮಾತಿನ ಮೇಲೆ. ಆ ಮಾತು ಮುರಿಯುವುದು ಕಂಡಾಗ ಕ್ಯಾಮೆರಾ ತಗ್ಗಿಸಿದರೆ, ಮಾತು ಉಳಿಸಿಕೊಂಡ ನೂರಾರು ಯಜಮಾನರಿಗೇ ದ್ರೋಹ.

ಹಾಗಾದರೆ ಏನು ಮಾಡಬೇಕು? ತೆಗೆಯಿರಿ. ಅಳಿಸಬೇಡಿ, ಕತ್ತರಿಸಬೇಡಿ, ಮೂಲ ಫೈಲ್ ಹಾಗೇ ಇಡಿ. ಮೊದಲು ಸಮಿತಿಗೆ, ಅಲ್ಲಿರುವ ಪಶುವೈದ್ಯರಿಗೆ ತೋರಿಸಿ, ಆ ಕೋಣಕ್ಕೆ ಆ ಕ್ಷಣದಲ್ಲಿ ಆರೈಕೆ ಸಿಗುವುದು ಮುಖ್ಯ. ಅವರು ಕಿವಿಗೊಡದಿದ್ದರೆ ಪೊಲೀಸರಿದ್ದಾರೆ, ಜಿಲ್ಲಾಡಳಿತವಿದೆ. ಪ್ರಕಟಿಸುವುದಾದರೆ ಯಾವ ಕಂಬಳ, ಯಾವ ಹೊತ್ತು, ಮುಂದೇನಾಯಿತು ಎಂಬುದನ್ನೂ ಬರೆಯಿರಿ. ಎತ್ತಿದ ಬೆತ್ತದ ಒಂದು ಚೌಕಟ್ಟನ್ನಷ್ಟೇ ತೋರಿಸಿ ಹೊಡೆದರು ಅನ್ನುವುದೂ ಸುಳ್ಳೇ, ಬಾಸುಂಡೆಯನ್ನು ಫೋಟೋಶಾಪ್‌ನಲ್ಲಿ ಒರೆಸುವುದೂ ಸುಳ್ಳೇ.

ಹೀಗೆ ಮಾಡಿದರೆ ಮುಂದಿನ ವರ್ಷ ಆ ಸಮಿತಿ ನಿಮಗೆ ಪಾಸ್ ಕೊಡದೇ ಇರಬಹುದು. ಹಾಗಾದರೆ ಪ್ರೇಕ್ಷಕರ ಸಾಲಿನಲ್ಲಿ ನಿಂತು ತೆಗೆಯಿರಿ. ಅಲ್ಲಿಂದಲೂ ಗದ್ದೆ ಕಾಣುತ್ತದೆ.